ತುಲಾಧರರಾಯರ ದೋಣಿ

ಕೊಳ್ಳುವ ಸುಖಕ್ಕಿಂತ ಕೊಳ್ಳುವುದಕ್ಕೆ ಮುಂಚಿನ ಸುಖವೇ ಪರಮವೆಂದು ಭಾವಿಸುವ ಮಹನೀಯರು ಎಲ್ಲ ಊರುಗಳಲ್ಲಿಯೂ ಇದ್ದಾರೆ; ಗಾಂಧಿಬಜಾರಿನಲ್ಲಿ ಒಂದು ಸೇರು ಅವರೆಕಾಯಿಗಾಗಿ ಹನ್ನೆರಡು ರಾಶಿಗಳನ್ನು ಮೂಸಿ, ಸೊಗಡು ಸಾಲದೆಂದು ಬರಿಗೈಯಲ್ಲಿ ಹಿಂದಿರುಗುವವರು ಇವರೇ. ಇವರಲ್ಲೊಬ್ಬರು ಬಸವನಗುಡಿಯನ್ನು ಬಿಟ್ಟು ಅಮೆರಿಕೆಯ ಮಿನ್ನೆಸೋಟ ಸಂಸ್ಥಾನದಲ್ಲಿ ನೆಲಸಿ ನನಗೆ ನೆರೆಯವರಾಗಿದ್ದಾರೆ. ನಿಜನಾಮವನ್ನು ಹೇಳುವುದು ಸೌಜನ್ಯವಲ್ಲವಾದ್ದರಿಂದ, ಸದಾ ಮನಸ್ಸಿನಲ್ಲಿಯೇ ತಕ್ಕಡಿ ತೂಗುತ್ತಿರುವ ಅವರನ್ನು ತುಲಾಧರರಾಯರೆಂದು ಕರೆಯುತ್ತೇನೆ.

ಮಿನ್ನೆಸೋಟ ಹತ್ತು ಸಾವಿರ ಸರೋವರಗಳ ನಾಡೆಂದು ಪ್ರಸಿದ್ಧವಾದರೂ, ಹತ್ತು ಎಕರೆಗೆ ಕಡಮೆಯಿಲ್ಲದವನ್ನು ಎಣಿಸಿದವರು 11,842 ಎಂದು ಲೆಕ್ಕ ಕೊಟ್ಟಿದ್ದಾರೆ. ಇಂಥ ನಾಡಿನಲ್ಲಿ ದೋಣಿಯಿಲ್ಲದೆ ಬಾಳುವುದು ಆಗುಂಬೆಯಲ್ಲಿ ಕೊಡೆಯಿಲ್ಲದೆ ಬಾಳಿದಂತೆಂದು ಮಕ್ಕಳು ಪೀಡಿಸಲಾಗಿ, ರಾಯರು ಒಂದು ಜನವರಿಯಲ್ಲಿ ದೋಣಿಗಳ ಪ್ರದರ್ಶನಕ್ಕೆ ಹೋದರು. ಅಲ್ಲಿ ಎರಡು ಅಲ್ಯೂಮಿನಿಯಂ ಮೋಟಾರುದೋಣಿಗಳು ಅವರ ಕಣ್ಣಿಗೆ ಬಿದ್ದುವು. ಎರಡೂ ಹದಿನೆಂಟು ಅಡಿ ಉದ್ದದವು. ಎರಡೂ ಗಾಳ ಹಾಕುವ ತಂದೆಗೂ ನೀರಿನ ಮೇಲೆ ಜಾರುವ ಮಕ್ಕಳಿಗೂ ಸಮನಾಗಿ ಒದಗುವ ಕುಟುಂಬದೋಣಿಗಳು. ಒಂದು 1948ರಲ್ಲಿ ನ್ಯೂಯಾರ್ಕ್ ಮಿಲ್ಸ್ ಎಂಬ ಪುಟ್ಟ ಊರಿನಲ್ಲಿ ಹುಟ್ಟಿದ ಲಂಡ್ ವಂಶದ್ದು. ಇನ್ನೊಂದು 1946ರಲ್ಲಿ ಲಿಟ್ಲ್ ಫಾಲ್ಸಿನಲ್ಲಿ ಹುಟ್ಟಿದ ಕ್ರೆಸ್ಟ್‌ಲೈನರ್ ವಂಶದ್ದು. ಒಂದರ ತಗಡುಗಳನ್ನು ರಿವೆಟ್ಟು ಹೊಡೆದು ಜೋಡಿಸಿದ್ದರು, ಇನ್ನೊಂದರವನ್ನು ಬೆಸೆದಿದ್ದರು.

ಈ ಒಂದು ಭೇದ ರಾಯರ ನಿದ್ದೆಯನ್ನು ಅಪಹರಿಸಿತು. ರಿವೆಟ್ಟು ಸಡಿಲವಾದರೆ ನೀರು ಜಿನುಗೀತು, ಆದರೆ ಅದನ್ನು ಮತ್ತೆ ಬಿಗಿಯಬಹುದು. ಬೆಸುಗೆ ಜಿನುಗದು, ಆದರೆ ಬಿರುಕು ಬಿಟ್ಟಿತೆಂದರೆ ಅಲ್ಯೂಮಿನಿಯಮ್ಮನ್ನು ಬೆಸೆಯಬಲ್ಲ ಕುಶಲಿಯನ್ನು ಅರಸಿಕೊಂಡು ಅಲೆಯಬೇಕು. ರಿವೆಟ್ಟಿನಲ್ಲಿ ಎರಡು ತಗಡುಗಳು ಆಚಂದ್ರಾರ್ಕವಾಗಿ ಎರಡಾಗಿಯೇ ಉಳಿಯುವುದರಿಂದ ಅದು ದ್ವೈತವೆಂದೂ, ಬೆಸುಗೆಯಲ್ಲಿ ಭೇದವಳಿದು ಒಂದಾಗುವುದರಿಂದ ಅದು ಅದ್ವೈತವೆಂದೂ ನಾನು ವಿನೋದಕ್ಕಾಗಿ ಆಡಿದ ಮಾತನ್ನು, ಹುಟ್ಟಿನಿಂದ ಮಾಧ್ವರಾದ ರಾಯರು ಗಂಭೀರವಾಗಿಯೇ ಪರಿಗ್ರಹಿಸಿದರು. ಸ್ಮಾರ್ತ ಮನೆತನದಿಂದ ಬಂದ ಅವರ ಪತ್ನಿ ಮಾತ್ರ, "ಯಾವ ಮತದ್ದಾದ್ರೂ ಸರಿ, ಮಕ್ಕಳು ಕಾಲೇಜಿಗೆ ಹೋಗೋದ್ರೊಳಗೆ ನೀರಿಗಿಳಿಸಿ ಅಂದ್ರೆ" ಎಂದು ಒಳಕ್ಕೆ ಹೋದರು.

ಅಂಗಡಿಯಲ್ಲಿ ರಾಯರನ್ನು ನೋಡಬೇಕಾಗಿತ್ತು. ತೆಂಗಿನಕಾಯಿ ಆರಿಸುವವರಂತೆ ದೋಣಿಯ ಪಕ್ಕೆಗೆ ಕಿವಿಯಿಟ್ಟು, ಬೆರಳ ಗೆಣ್ಣಿನಿಂದ ಮೂರು ಸಲ ಬಡಿದು, ಆ ನಾದವನ್ನು ಕಣ್ಣು ಮುಚ್ಚಿ ಆಸ್ವಾದಿಸಿ, ಇನ್ನೊಂದನ್ನೂ ಹಾಗೆಯೇ ಬಡಿದು, ಮತ್ತೆ ಮೊದಲನೆಯದಕ್ಕೆ ಮರಳುತ್ತಿದ್ದರು. ಇಪ್ಪತ್ತು ಅಡಿಗಿಂತ ಚಿಕ್ಕ ದೋಣಿಯಲ್ಲಿ ಇಷ್ಟು ಜನ, ಇಷ್ಟು ಭಾರ, ಇಷ್ಟು ಅಶ್ವಶಕ್ತಿಯೆಂದು ಕಾನೂನಿನಂತೆ ಅಂಟಿಸಿರುವ ಫಲಕವನ್ನು ನಕಲು ಮಾಡಿಕೊಂಡು ಬಂದು, ಮನೆಮಂದಿಯ ತೂಕವನ್ನೂ ಪುಳಿಯೋಗರೆಯ ಡಬ್ಬಿಯ ತೂಕವನ್ನೂ ಪಟ್ಟಿ ಮಾಡಿದರು. ಅತ್ತೆಯವರ ತೂಕವನ್ನು ಕೇಳುವ ಧೈರ್ಯವಾಗದೆ ಆ ಒಂದು ಕಲಮನ್ನು ಖಾಲಿ ಬಿಟ್ಟರು. ದೋಣಿಯ ಮೋಟಾರಿನ ಕಥೆಯಾದರೋ ಅವಸರದ್ದು: ದಡದಾಚೆಯಿಂದ ಪ್ರಿಯತಮೆಗೆ ತರುತ್ತಿದ್ದ ಐಸ್‌ಕ್ರೀಂ ಹುಟ್ಟು ಹಾಕುವಷ್ಟರಲ್ಲಿ ಕರಗಿತೆಂಬ ವ್ಯಥೆಯಿಂದಲೇ, ಪಕ್ಕದ ವಿಸ್ಕಾನ್ಸಿನ್ನಿನ ಓಲೆ ಎವಿನ್‌ರೂಡ್ ದೋಣಿಯ ಹಿಂದೆ ತೂಗುಹಾಕುವ ಮೋಟಾರನ್ನು ಕಲ್ಪಿಸಿ 1909ರಲ್ಲಿ ಮಾರಾಟಕ್ಕೆ ತಂದನೆಂದು ಪ್ರತೀತಿ. ಆ ದೋಣಿಯಲ್ಲಿ ನಮ್ಮ ರಾಯರಿದ್ದಿದ್ದರೆ, ಐಸ್‌ಕ್ರೀಮನ್ನು ಬಟ್ಟಲಿನಲ್ಲಿ ತರುವುದು ಲೇಸೋ ಡಬ್ಬಿಯಲ್ಲಿ ತರುವುದು ಲೇಸೋ ಎಂಬ ಜಿಜ್ಞಾಸೆ ಇಂದಿಗೂ ನಡೆಯುತ್ತಿತ್ತು.

ಬೇಸಗೆ ಕಳೆದು ಮೇಪಲ್ ಎಲೆಗಳು ಕೆಂಪಾಗುವ ಹೊತ್ತಿಗೆ, ಎಂಟು ತಿಂಗಳ ಪರಿಚಯದಿಂದ ಸಲಿಗೆ ಬೆಳೆದಿದ್ದ ಅಂಗಡಿಯವನು ಒಂದು ಸತ್ಯವನ್ನು ಹೊರಗೆಡಹಿದನು: 2004ರಲ್ಲಿಯೇ ಎರಡು ವಂಶಗಳೂ ಬ್ರನ್ಸ್‌ವಿಕ್ ಎಂಬ ಒಂದೇ ಸಂಸ್ಥೆಯ ಸ್ವತ್ತಾಗಿವೆ, ಲಿಟ್ಲ್ ಫಾಲ್ಸಿನ ದೋಣಿಯೂ ಈಗ ನ್ಯೂಯಾರ್ಕ್ ಮಿಲ್ಸಿನಲ್ಲಿಯೇ ತಯಾರಾಗುತ್ತದೆ. ಅಂದು ರಾಯರು ಆಪ್ತರೊಬ್ಬರನ್ನು ಕಳೆದುಕೊಂಡವರಂತೆ ಮನೆಗೆ ಬಂದು, ಕಾಫಿಯನ್ನೂ ಮುಟ್ಟದೆ ಕುಳಿತರು. "ಕೊನೆಗೆ ಎಲ್ಲಾ ಒಂದೇ ಅಂತ ನಮ್ಮ ಕಡೆಯೋರು ಯಾವಾಗ್ಲೋ ಹೇಳಿದ್ರಲ್ಲಾ" ಎಂದ ಪತ್ನಿಗೆ ಅವರು ಉತ್ತರ ಕೊಡಲಿಲ್ಲ.

ಡಿಸೆಂಬರಿನಲ್ಲಿ ಸರೋವರ ಹೆಪ್ಪುಗಟ್ಟಿತು. ಗಟ್ಟಿಯಾದ ಹೊಸ ಮಂಜುಗಡ್ಡೆ ನಾಲ್ಕು ಅಂಗುಲ ದಪ್ಪವಿದ್ದರೆ ಮನುಷ್ಯರು ನಡೆಯುವುದಕ್ಕೆ ಸಾಕೆಂಬುದು ಇಲ್ಲಿಯವರ ಲೆಕ್ಕ; ರಾಯರು ಕೊರೆದು, ಅಳೆದು, ಆರು ಅಂಗುಲವಾಗುವವರೆಗೆ ಕಾದು, ಒಂದು ಭಾನುವಾರ ಅತ್ತೆಯವರನ್ನು ಮೊದಲುಗೊಂಡು ಸಂಸಾರಸಮೇತರಾಗಿ ಕಾಲ್ನಡಿಗೆಯಲ್ಲಿಯೇ ಸರೋವರವನ್ನು ದಾಟಿ, ಆಚೆಯ ದಡದಲ್ಲಿ ನಮ್ಮೆಲ್ಲರಿಗೂ ಪುಳಿಯೋಗರೆ ಬಡಿಸಿದರು. ಪುಳಿಯೋಗರೆ ಚೆನ್ನಾಗಿತ್ತು.