ಅನಾಮತ್ತು ಖಾತೆಯಲ್ಲಿರುವ ನಾಲ್ಕು ಕ್ರೆಡಿಟ್‌ಗಳಿಗೆ

ನನ್ನ ಮಗಳ ನಾಲ್ಕು ಕ್ರೆಡಿಟ್‌ಗಳಿಗೆ ರಾಜಾಜಿನಗರದಿಂದ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ನೀವು ಯಾವ ಟೇಬಲ್ಲಿನ ಮೇಲಿದ್ದೀರೋ ತಿಳಿಯದ್ದರಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಪದ್ಧತಿಯಂತೆ ‘ಚಿರಂಜೀವಿ’ ಎಂದು ಶುರು ಮಾಡಬೇಕಿತ್ತು. ಆದರೆ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ 2021ರ ನಿಯಮ ನಿಮಗೆ ಕೊಟ್ಟಿರುವ ಆಯುಸ್ಸು ಹೆಚ್ಚೆಂದರೆ 7 ವರ್ಷ. ಲೆಕ್ಕ ಬರೆಯುವವನು ಸುಳ್ಳು ಹಾರೈಸಬಾರದು.

ಹೌದು, ನಾನು ಲೆಕ್ಕ ಬರೆಯುವವನು. ಇಂಡಸ್ಟ್ರಿಯಲ್ ಟೌನಿನ ಲೇತ್ ವರ್ಕ್‌ಶಾಪೊಂದರಲ್ಲಿ ಕಿರ್ದಿ, ಖಾತೆ ಅಂತ ಕೂತವನು ಆಮೇಲೆ ಟ್ಯಾಲಿಗೆ ಬಿದ್ದೆ. 30 ವರ್ಷ ದಾಟಿತು. ಎಲ್ಲಿ ಕಲಿತೆ ಎಂದು ಒಬ್ಬರೂ ಕೇಳಿಲ್ಲ, ತಾಳೆಯಾಯಿತಾ ಎಂದು ಮಾತ್ರ ಕೇಳಿದ್ದಾರೆ. ಆ ಅಭ್ಯಾಸಬಲದಿಂದಲೇ, ಮಗಳು ಬಿಕಾಂ ಸೇರಿದಾಗ ‘ಸ್ವಯಂ’ ಎಂಬ ಸರ್ಕಾರಿ ಆನ್‌ಲೈನ್ ತಾಣದಲ್ಲಿ ಒಂದು ಅಕೌಂಟಿಂಗ್ ಕೋರ್ಸ್ ಮಾಡು ಎಂದೆ. 2017ರ ಜುಲೈ 9ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರೇ ಉದ್ಘಾಟಿಸಿದ್ದು. ಪಾಠ ಪುಕ್ಕಟೆ, ಪರೀಕ್ಷೆಗಷ್ಟೇ ಶುಲ್ಕ. ಅಲ್ಲಿನ ಮ್ಯಾನೇಜ್‌ಮೆಂಟ್ ಕೋರ್ಸುಗಳ ಉಸ್ತುವಾರಿ ನಮ್ಮ ಬನ್ನೇರುಘಟ್ಟ ರಸ್ತೆಯ ಐಐಎಂದು. ಇದಕ್ಕಿಂತ ನಂಬಿಕಸ್ಥ ಪಾರ್ಟಿ ಇನ್ಯಾರಿದ್ದಾರೆ? ಹೆಸರಿನ ಅರ್ಥ ಆಗ ಹೊಳೆಯಲಿಲ್ಲ: ಕಲಿಯುವುದೂ ಸ್ವಯಂ, ಅಲೆಯುವುದೂ ಸ್ವಯಂ.

ನೀವು ಹುಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. 12 ವಾರ, ರಾತ್ರಿ ಪಾತ್ರೆ ತೊಳೆದಾದ ಮೇಲೆ ಅಡುಗೆಮನೆ ಪಕ್ಕದ ಮೇಜಿನ ಮೇಲೆ ಮೊಬೈಲು ನಿಲ್ಲಿಸಿಕೊಂಡು ಅವಳು ಸವಕಳಿ ಲೆಕ್ಕ ಮಾಡುತ್ತಿದ್ದಳು. ಅಸೈನ್‌ಮೆಂಟಿಗೆ 30, ಕೇಂದ್ರಕ್ಕೆ ಹೋಗಿ ಕೂತು ಬರೆದ ಪರೀಕ್ಷೆಗೆ 70. ಪಾಸಾದಳು. ಕ್ರೆಡಿಟ್ ಬ್ಯಾಂಕಿನ 12 ಅಂಕಿಯ ಐಡಿ ಆಯಿತು, ಡಿಜಿಲಾಕರ್ ಆಯಿತು. ಅಲ್ಲಿಂದ ಶುರುವಾಯಿತು ನಿಮ್ಮ ವನವಾಸ.

ಕಾಲೇಜಿನ ಹೆಸರು ಬೇಡ. ಪಾಪ, ಅವರೂ ನಿಯಮದಂತೆಯೇ ನಡೆದಿದ್ದಾರೆ. ಮೊದಲ ಕಿಟಕಿಯಲ್ಲಿ, ಸಿಲಬಸ್‌ನಲ್ಲಿ ‘ಫೈನಾನ್ಷಿಯಲ್ ಅಕೌಂಟಿಂಗ್’ ಅಂತಿದೆ, ನಿಮ್ಮ ಸರ್ಟಿಫಿಕೇಟಿನಲ್ಲಿ ಬೇರೆ ಹೆಸರಿದೆ ಎಂದರು. ಒಳಗಿರುವುದು ಅದೇ ಡೆಬಿಟ್, ಅದೇ ಕ್ರೆಡಿಟ್ ಅಲ್ಲವಾ ಎಂದೆ. ‘ಸರ್, ಒಳಗೆ ಏನಿದೆ ಅಂತ ನೋಡೋದು ನಮ್ಮ ಸೆಕ್ಷನ್ ಅಲ್ಲ.’ ನೋಡುವ ಸೆಕ್ಷನ್‌ನವರು ಇನ್ನೊಂದು ಹೇಳಿದರು: ಯಾವ ಕೋರ್ಸಿಗೆ ಮಾನ್ಯತೆ ಎಂಬುದು ಸೆಮಿಸ್ಟರ್ ಶುರುವಾಗುವ ಮೊದಲೇ ತೀರ್ಮಾನವಾಗಬೇಕು, ಪಟ್ಟಿ ಬಂದಿರಲಿಲ್ಲ. ಪಟ್ಟಿ ಯಾಕೆ ಬಂದಿರಲಿಲ್ಲ? ಯಾರೂ ಕೇಳಿರಲಿಲ್ಲ. ಯಾರೂ ಯಾಕೆ ಕೇಳಲಿಲ್ಲ? ಪಟ್ಟಿಯೇ ಇರಲಿಲ್ಲವಲ್ಲ.

ನಾನೂ ಸುಮ್ಮನೆ ಹೋಗಿರಲಿಲ್ಲ. ಯುಜಿಸಿಯ 2016ರ ನಿಯಮ ಒಂದು ಸೆಮಿಸ್ಟರಿನ ಶೇ. 20ರಷ್ಟು ಕೋರ್ಸುಗಳನ್ನು ಸ್ವಯಂ ಮೂಲಕ ಓದಲು ಬಿಟ್ಟಿತ್ತು, 2021ರದ್ದು ಅದನ್ನು ಶೇ. 40ಕ್ಕೆ ಏರಿಸಿತು. ಹೀಗೆ ಗಳಿಸಿದ ಕ್ರೆಡಿಟ್ ವರ್ಗಾವಣೆಯನ್ನು ಯಾವ ವಿಶ್ವವಿದ್ಯಾಲಯವೂ ನಿರಾಕರಿಸುವಂತಿಲ್ಲ ಎಂದೂ ಅದರಲ್ಲಿದೆ. ಪ್ರಿಂಟ್ ತೆಗೆಸಿ, ಆ ಸಾಲಿಗೆ ಗೆರೆ ಎಳೆದು ಮುಂದಿಟ್ಟೆ. ಅಧಿಕಾರಿ ಶ್ರದ್ಧೆಯಿಂದ ಓದಿದರು. ‘ನಾವೆಲ್ಲಿ ನಿರಾಕರಿಸಿದ್ದೀವಿ? ಪರಿಶೀಲನೆಯಲ್ಲಿದೆ.’

ಅಲ್ಲಿಗೆ ನಿಮ್ಮ ವಿಳಾಸ ಸಿಕ್ಕಿತು. ತಾಳೆಪಟ್ಟಿ ಕೂಡದಿದ್ದಾಗ ವ್ಯತ್ಯಾಸದ ಮೊತ್ತವನ್ನು ತಳ್ಳಿಡಲು ನಮ್ಮಲ್ಲಿ ಅನಾಮತ್ತು ಖಾತೆ ಅಂತ ಇದೆ, ಟ್ಯಾಲಿಯವರ ಭಾಷೆಯಲ್ಲಿ ಸಸ್ಪೆನ್ಸ್. ತಪ್ಪು ಸಿಗುವ ತನಕ ಹಣ ಅಲ್ಲಿ ಮಲಗಿರುತ್ತದೆ. ಬಂದದ್ದೂ ಅಲ್ಲ, ಹೋದದ್ದೂ ಅಲ್ಲ. ನನ್ನ ಪುಸ್ತಕದಲ್ಲಿ ಅದು ಮಾರ್ಚ್ 31 ದಾಟಿದರೆ ಆಡಿಟರು ಕಿವಿ ಹಿಂಡುತ್ತಾರೆ. ನಿಮ್ಮ ಬ್ಯಾಂಕಿಗೆ ಆಡಿಟರು ಯಾರೋ.

ಯುರೋಪಿನವರು 1997ರಲ್ಲಿ ಲಿಸ್ಬನ್‌ನಲ್ಲಿ ಕೂತು ಒಂದು ಒಪ್ಪಂದ ಮಾಡಿಕೊಂಡರು: ಇನ್ನೊಂದು ದೇಶದಲ್ಲಿ ಕಲಿತು ಬಂದದ್ದನ್ನು ಒಪ್ಪಲೇಬೇಕು, ಒಪ್ಪದಿದ್ದರೆ ಗಣನೀಯ ವ್ಯತ್ಯಾಸವಿದೆ ಎಂದು ಒಪ್ಪದವರೇ ತೋರಿಸಬೇಕು. ಅಷ್ಟು ದೂರ ಯಾಕೆ? ನಮ್ಮ ಮಹಾಲಕ್ಷ್ಮಿ ಸ್ಟೇಷನ್‌ನಲ್ಲಿ ಹಸಿರು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಿ ಕೆಂಗೇರಿಗೆ ಹೋಗುತ್ತೇನೆ. ಹಸಿರಿನಲ್ಲಿ ಬಂದ ದೂರ ನೇರಳೆಯ ಸಿಲಬಸ್‌ನಲ್ಲಿಲ್ಲ, ಹಿಂದಕ್ಕೆ ಹೋಗಿ ನಡೆದು ಬನ್ನಿ ಎಂದು ಈವರೆಗೆ ಯಾವ ಗೇಟೂ ಹೇಳಿಲ್ಲ.

ಡಿಗ್ರಿಯನ್ನೇ ರಾಜ್ಯ ಸರ್ಕಾರ 2021–22ರಲ್ಲಿ ನಾಲ್ಕು ವರ್ಷದ ದಾರಿಗೆ ಹಾಕಿ, 2024–25ಕ್ಕೆ ಮತ್ತೆ ಮೂರಕ್ಕೆ ತಂದಿತು. ಅಷ್ಟು ದೊಡ್ಡ ಗಾಡಿ ಹೊರಳಬಹುದಂತೆ, ನೀವು ನಾಲ್ಕು ಜನ ಮಾತ್ರ ಒಂದು ಕಿಟಕಿಯಿಂದ ಇನ್ನೊಂದಕ್ಕೆ ದಾಟುವಂತಿಲ್ಲ.

ಒಮ್ಮೊಮ್ಮೆ ತಪ್ಪು ನನ್ನದೇ ಅನಿಸುತ್ತದೆ. ಲೆಕ್ಕದ ಮೊದಲ ಪಾಠವೇ ‘ಪಡೆದವರಿಗೆ ಡೆಬಿಟ್, ಕೊಟ್ಟವರಿಗೆ ಕ್ರೆಡಿಟ್’. ಪಾಠ ಪಡೆದವಳು ನನ್ನ ಮಗಳು. ಹಾಗಾಗಿ ಅವಳ ಖಾತೆಗೆ ಪರೀಕ್ಷಾ ಶುಲ್ಕ, ಆಟೋ ಬಾಡಿಗೆ, ನಾನು ಹಾಕಿದ ಮೂರು ಅರ್ಧ ದಿನದ ರಜೆ ಎಲ್ಲ ಡೆಬಿಟ್ ಬಿದ್ದಿರುವುದು ಶಾಸ್ತ್ರೋಕ್ತವಾಗಿಯೇ ಇದೆ.

ಅವಳೀಗ ಅದೇ ವಿಷಯವನ್ನು ಕಾಲೇಜಿನಲ್ಲಿ ಮೊದಲಿನಿಂದ ಓದುತ್ತಿದ್ದಾಳೆ. ಮೊನ್ನೆಯ ಇಂಟರ್ನಲ್ ಟೆಸ್ಟಿಗೆ ಸವಕಳಿ ಬಂದಿತ್ತಂತೆ. ಹಿಂದಿನ ದಿನ ಇಬ್ಬರು ಗೆಳತಿಯರು ನಮ್ಮ ಮನೆಗೆ ಬಂದು ಅವಳಿಂದಲೇ ಹೇಳಿಸಿಕೊಂಡು ಹೋದರು. ಹೊರಡುವಾಗ ಒಬ್ಬಳು ಕೇಳಿದಳು: ‘ನಾವೂ ಆ ಕೋರ್ಸ್ ಮಾಡಬಹುದಾ ಅಂಕಲ್?’

ಏನು ಹೇಳಲಿ, ತಿಳಿಸಿ.

ಇಂತಿ,
ಲೆಕ್ಕ ಬರೆಯುವವನು
ರಾಜಾಜಿನಗರ

ಮುಂದಿನ ಪುಟಕ್ಕೆ ಒಯ್ದದ್ದು: 4