ಬೀಜಧನದ ಪ್ರಾಧ್ಯಾಪಕರು

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಕಾಣಸಿಗುವ ವಿದ್ವಾಂಸರ ಪ್ರಭೇದಗಳಲ್ಲಿ ಬೀಜಧನದ ಪ್ರಾಧ್ಯಾಪಕರದೂ ಒಂದು. ಬೀಜಧನವೆಂದರೆ, ಹೊರಗಿನ ದೊಡ್ಡ ಅನುದಾನಕ್ಕೆ ಅರ್ಜಿ ಹಾಕುವ ಮುನ್ನ ಬೇಕಾಗುವ ಪ್ರಾಥಮಿಕ ಮಾಹಿತಿಯನ್ನು ಕಲೆಹಾಕಲೆಂದು ವಿಶ್ವವಿದ್ಯಾಲಯವೇ ತನ್ನವರಿಗೆ ಕೊಡುವ ಸಣ್ಣ ಮೊತ್ತ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ ಜನಸಮುದಾಯದ ಆರೋಗ್ಯಕ್ಕೆಂದು 2016ರಲ್ಲಿ ಆರಂಭಿಸಿದ 25 ವರ್ಷಗಳ ಯೋಜನೆಯಲ್ಲೂ ಇಂಥ ಧನಸಹಾಯವುಂಟು. ಜನಸಮುದಾಯದ ಆರೋಗ್ಯವೆಂದರೆ, 2003ರಲ್ಲಿ ಡೇವಿಡ್ ಕಿಂಡಿಗ್ ಮತ್ತು ಗ್ರೆಗ್ ಸ್ಟಾಡರ್ಟ್ ನಿರೂಪಿಸಿದಂತೆ, ಒಂದು ಗುಂಪಿನ ಆರೋಗ್ಯ ಹೇಗಿದೆ ಎಂಬುದಷ್ಟೇ ಅಲ್ಲ, ಅದು ಆ ಗುಂಪಿನೊಳಗೆ ಯಾರಿಗೆ ಎಷ್ಟು ದಕ್ಕಿದೆ ಎಂಬುದೂ ಹೌದು. ಬಾಡಿಗೆ ಮನೆಯ ತೇವ, ಬಸ್ಸು ಬಾರದ ಬಡಾವಣೆ, ಕಾಳ್ಗಿಚ್ಚಿನ ಹೊಗೆ ಎಲ್ಲವೂ ಇದರೊಳಗೆ ಬರುವುದರಿಂದ, ಬೇರೆ ಬೇರೆ ವಿಭಾಗಗಳವರು ಕೂಡಿಯೇ ಅರ್ಜಿ ಹಾಕಬೇಕೆಂಬ ಷರತ್ತು ಇಂಥ ಕಡೆ ಸಾಮಾನ್ಯ. ಪ್ರಾಧ್ಯಾಪಕರ ಪ್ರತಿಭೆ ಅರಳುವುದು ಈ ಷರತ್ತಿನ ನೆರಳಿನಲ್ಲೇ.

ಒಂದೇ ಪ್ರಸ್ತಾವವನ್ನು ಒಂದು ವರ್ಷ ಹವಾಮಾನದ, ಮರುವರ್ಷ ಸಮಾನತೆಯ, ಅದರಾಚೆ ವರ್ಷ ಕೃತಕ ಬುದ್ಧಿಮತ್ತೆಯ ಹೆಸರಿನಲ್ಲಿ ಸಲ್ಲಿಸುವ ಅವರ ಚಾಕಚಕ್ಯತೆಯನ್ನು ಮೆಚ್ಚಬಹುದು. ಯಾವ ಡೀನ್ ಯಾವ ಮಾತಿಗೆ ತಲೆದೂಗುತ್ತಾರೆಂಬ ಅವರ ಜ್ಞಾನವನ್ನು ಗೌರವಿಸಲೂಬಹುದು. ಸಹಿಸಲಾಗದ್ದು ಯಾವುದೆಂಬುದನ್ನು ಸಂಖ್ಯಾಶಾಸ್ತ್ರ ವಿಭಾಗದವರು, ಮತ್ತು ಅವರ ಸಂಕಟವನ್ನು ಅನುಮಾನ ಹುಟ್ಟಿಸುವಷ್ಟು ವಿವರವಾಗಿ ಬಲ್ಲ ಈ ಬರಹದ ಲೇಖಕರು, ಮಾತ್ರ ಹೇಳಬಲ್ಲರು. ಶುಕ್ರವಾರ ಸಂಜೆ ಐದಕ್ಕೆ ಗಡುವು ಮುಗಿಯಲಿದ್ದರೆ ಮೂರಕ್ಕೆ ಇಮೇಲ್ ಬರುತ್ತದೆ: “ನಿಮ್ಮ ಹೆಸರು ಸೇರಿಸಿಬಿಟ್ಟಿದ್ದೇನೆ, ತಪ್ಪು ತಿಳಿಯಬೇಡಿ, ಮಾದರಿ ಗಾತ್ರದ ಬಗ್ಗೆ ಒಂದು ಪ್ಯಾರಾ ಬರೆದುಕೊಟ್ಟರೆ ಸಾಕು.” ಮಾದರಿ ಗಾತ್ರವೆಂದರೆ, ಎಷ್ಟು ಜನರನ್ನು ಅಧ್ಯಯನ ಮಾಡಿದರೆ ಬಂದ ಫಲಿತಾಂಶ ಬರೀ ಆಕಸ್ಮಿಕವಲ್ಲವೆಂದು ನಂಬಬಹುದು ಎಂಬ ಲೆಕ್ಕ. ಆದರೆ ಆ ಲೆಕ್ಕ ಆಗಲೇ ಮುಗಿದಿರುತ್ತದೆ: ಸಂಖ್ಯೆ 40, ಏಕೆಂದರೆ ಭಾಗವಹಿಸುವವರಿಗೆ ಕೊಡುವ ಗಿಫ್ಟ್ ಕಾರ್ಡುಗಳಿಗೆ ಹಣ ಸಾಲುವುದು ಅಷ್ಟಕ್ಕೇ. ಬಜೆಟ್ಟಿನಲ್ಲಿ ಸಂಖ್ಯಾಶಾಸ್ತ್ರಜ್ಞರ ಹೆಸರಿನ ಮುಂದೆ ‘ಸೇವಾರೂಪದ ಕೊಡುಗೆ’ ಎಂದಿರುತ್ತದೆ; ಲೆಕ್ಕಪತ್ರದ ಈ ಪದಕ್ಕೆ ಪುಕ್ಕಟೆ ಎಂದರ್ಥ.

ಆದರೂ ಬೇರೆ ಬೇರೆ ವಿಭಾಗಗಳವರನ್ನು ಕೂಡಿಸುವ ಈ ಪ್ರಾಧ್ಯಾಪಕರನ್ನು ಪೂರ್ತಿ ಅಲ್ಲಗಳೆಯಲು ಇತಿಹಾಸ ಬಿಡುವುದಿಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಹಬ್ಬಿದಾಗ, ಕಾರಣ ಬೀದಿಯ ಪಂಪಿನ ನೀರೆಂದ ವೈದ್ಯ ಜಾನ್ ಸ್ನೋ ಅವರಿಗೆ ನೆರವಾದದ್ದು ಸಾವುಗಳ ಲೆಕ್ಕವಿಡುತ್ತಿದ್ದ ವಿಲಿಯಂ ಫಾರ್ ಅವರ ಕಚೇರಿಯ ಮರಣ ದಾಖಲೆ. ಆ ವಾದವನ್ನು ಸುಳ್ಳೆಂದು ತೋರಿಸಲು ಮನೆಮನೆ ತಿರುಗಿದ ಪಾದ್ರಿ ಹೆನ್ರಿ ವೈಟ್‌ಹೆಡ್ ಕೊನೆಗೆ ಅದಕ್ಕೇ ಬಲವಾದ ಪುರಾವೆ ತಂದರು. ವೈದ್ಯ, ಲೆಕ್ಕಿಗ, ಪಾದ್ರಿ ಒಂದೇ ಪ್ರಶ್ನೆಗೆ ಬಂದು ಸೇರಿದ್ದು ಯಾವ ಷರತ್ತಿನಿಂದಲೂ ಅಲ್ಲ.

ಬೀಜಧನದ ಪ್ರಾಧ್ಯಾಪಕರಿಗೆ ಸಂಗಾತಿಗಳು ಸಿಗುತ್ತಾರೆ, ವೈಟ್‌ಹೆಡ್ ಅವರಂತೆ ಎದುರಾಡುವವರು ಸಿಗುವುದಿಲ್ಲ. ಸಹಿ ಹಾಕಿಸಿಕೊಳ್ಳುವ ಅವಸರದಲ್ಲಿ ಜಗಳಕ್ಕೆ ಪುರುಸೊತ್ತೆಲ್ಲಿ? ಹಾಗಿದ್ದೂ, ನಲವತ್ತು ಜನರಿಂದ ಏನೂ ಸಾಬೀತಾಗದೆಂದು ಸಂಖ್ಯಾಶಾಸ್ತ್ರಜ್ಞರು ಖಾರವಾಗಿ ಬರೆದ ಪ್ಯಾರಾವನ್ನು ಈ ಪ್ರಾಧ್ಯಾಪಕರು ಒಂದಕ್ಷರವೂ ತಿದ್ದದೆ ಅರ್ಜಿಗೆ ಸೇರಿಸುತ್ತಾರೆ, ಮರುವರ್ಷ ಮತ್ತೆ ಅವರನ್ನೇ ಕೇಳುತ್ತಾರೆ. ಆ ಸಲ ನಾಲ್ಕು ಗಂಟೆಗೆ.