ಬಣ್ಣ ಬಯಲು

ಹಳಿಯಾಳ ಪೇಟೆ. ಕಿರಾಣಿ ಅಂಗಡಿ ಕಟ್ಟೆ.

"ಸಾವ್ಕಾರ್ರ, ಬಾಗಿಲ ಮ್ಯಾಲೆ ಅದೇನ್ರಿ ಡಬ್ಬಿ?"

"ಬಣ್ಣ. ಕಳ್ಳ ಬಂದ್ರ ಮೈತುಂಬ ಚಿಮ್ಮತೈತಿ. ವಾರ ತೊಳದ್ರೂ ಹೋಗಂಗಿಲ್ಲ."

"ಹೋಳಿ ದಿನ? ದಾಂಡೇಲಿತನಾ ಎಲ್ಲಾರೂ ಕಳ್ಳರ ಆಗ್ತಾರಲ್ರಿ!"

"ನಗಬ್ಯಾಡ. ಲೋಕಾಯುಕ್ತರು ನೋಟಿಗೆ ಪುಡಿ ಹಚ್ತಾರ. ಲಂಚ ಮುಟ್ಟಿದ ಕೈ ಸೋಡಾ ನೀರಾಗ ಅದ್ದಿದ್ರ ನೀರು ಗುಲಾಬಿ!"

"ಅದಕ್ಕ ಸಾಹೇಬ್ರು ಈಗ ಕೈಲೆ ಮುಟ್ಟಂಗಿಲ್ರಿ. ‘ಡ್ರಾವರ್‌ನ್ಯಾಗ ಇಡು’ ಅಂತಾರ."

"ಮೈಸೂರಿನ ಶಾಯಿ ನೋಡು. 1962ರಿಂದ ಬೆರಳಿಗೆ ಹಚ್ಚಾಕತ್ತಾರ, ಕಳ್ಳಮತ ತಡಿಯಾಕ."

"ಹೌದ್ರಿ. ಮತ ಕೊಟ್ಟಾವಂಗ ಶಾಯಿ, ತಗೊಂಡ್ಹೋದಾವಂಗ ಹಾರ."

"...ಅಕ್ಕಿ ಎಷ್ಟು ಕೆಜಿ ಅಂದಿ?"

"ಐದು. ಆ ತಕ್ಕಡಿಗೂ ಒಂಚೂರು ಬಣ್ಣ ಹಚ್ರಿ, ಸಾವ್ಕಾರ್ರ."